ಸಮುದ್ರದ ತಳದಲ್ಲಿ ವಿಮಾನ!

ಬಾವಿಗೆ ಕೊಡ ಬಿದ್ದರೆ ಪಾತಾಳಗರಡಿ ಬಿಟ್ಟು ತೆಗೀತೀವಿ. ಸಮುದ್ರಕ್ಕೆ ವಿಮಾನ ಬಿದ್ದರೆ? ಅಲ್ಲಿಗೇ ಇಳಿದು ನೋಡಿ ಬರುವವರು ಇದ್ದಾರೆ!

ಎರಡನೇ ಮಹಾಯುದ್ಧದಾಗ ಕ್ಯಾಟಲೀನಾ ಎಂಬ ವಿಮಾನಗಳು ರಿಪೇರಿಗೆ ಬಂದು ಬೆಂಗಳೂರಿನ ಬೆಳ್ಳಂದೂರು ಕೆರೆಯ ನೀರಿನ ಮೇಲೇ ಇಳಿಯುತ್ತಿದ್ದವು. ಎಲ್ಲ ವಿಮಾನಗಳೂ ಹಾಗೆ ತೇಲುವುದಿಲ್ಲ. ಅಮೆರಿಕದ ‘ಬ್ಲ್ಯಾಕ್ ಜ್ಯಾಕ್’ ಎಂಬ ಬಾಂಬರ್ ವಿಮಾನ 1943ರ ಜುಲೈ 11ರಂದು ಎಂಜಿನ್ ಕೆಟ್ಟು, ಈಗಿನ ಪಪುವಾ ನ್ಯೂಗಿನಿ ದೇಶದ ಬೊಗಾಬೊಗಾ ಹಳ್ಳಿಯ ಹತ್ತಿರ ಸಮುದ್ರಕ್ಕಿಳಿದು ಮುಳುಗಿತು. ಒಳಗಿದ್ದ 10 ಜನರೂ ಬದುಕಿದರು. ಹಳ್ಳಿಯವರು ಅವರಿಗೆ ನೆರವಾದರು. ವಿಮಾನ ಮತ್ತೆ ಸಿಕ್ಕಿದ್ದು 1986ರಲ್ಲಿ, ಸುಮಾರು 45 ಮೀಟರ್ ಆಳದಲ್ಲಿ. ನಮ್ಮ ಗೋಲಗುಮ್ಮಟವನ್ನು ಅಲ್ಲಿಟ್ಟರೆ ನೆತ್ತಿಯಷ್ಟೇ ಹೊರಗೆ ಕಂಡೀತು!

ಅಷ್ಟು ಆಳಕ್ಕೆ ಹೋಗೋದು ಹ್ಯಾಂಗ?

ಅದೇ 1943ರಲ್ಲಿ ಫ್ರಾನ್ಸಿನ ಕುಸ್ಟೋ ಮತ್ತು ಗಾನ್ಯಾನ್ ಎಂಬಿಬ್ಬರು ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ನೀರಿನೊಳಗೆ ಉಸಿರಾಡುವ ಸಾಧನ ಮಾಡಿದರು. ಹೀಗೆ ಮುಳುಗುವುದಕ್ಕೆ ಸ್ಕೂಬಾ ಎನ್ನುತ್ತಾರೆ. ಸಿಲಿಂಡರಿನಾಗ ಸಾಮಾನ್ಯವಾಗಿ ಇರೋದು ಒತ್ತಿ ತುಂಬಿದ ಮಾಮೂಲಿ ಗಾಳಿ. 45 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಐದೂವರೆ ಪಟ್ಟು. ಅಲ್ಲಿಗೆ ಹೋಗಲು ವಿಶೇಷ ತರಬೇತಿಯೇ ಬೇಕು.

ಮೇಲೆ ಬರುವಾಗ ಎರಡು ನಿಯಮ:

1. ಉಸಿರು ಹಿಡಿಯಬಾರದು. ನಾವು ಬಾವ್ಯಾಗ ಮುಳುಗುವಾಗ ಮೇಲಿನ ಗಾಳಿಯನ್ನೇ ಹಿಡಿದುಕೊಂಡು ಹೋಗ್ತೀವಿ. ಸ್ಕೂಬಾದವರು ಆಳದಾಗ ಎಳೆದುಕೊಂಡ ಗಾಳಿ ಮೇಲೇರಿದಂತೆ ಪುಗ್ಗಾದ ಹಾಂಗ ಹಿಗ್ಗುತ್ತದೆ. ಹಿಡಿದಿಟ್ಟರೆ ಪುಪ್ಪುಸ ಹರಿಯಬಹುದು.

2. ಗಡಬಡ ಮಾಡಬಾರದು. ಆಳದಾಗ ಗಾಳಿಯ ಸಾರಜನಕ ರಕ್ತದಲ್ಲಿ ಕರಗಿರುತ್ತದೆ. ಗೋಲಿ ಸೋಡಾದ ಗೋಲಿ ಒತ್ತಿದ ಕೂಡಲೆ ಗುಳ್ಳೆ ಏಳುವುದಿಲ್ಲವೇ? ಅವಸರದಿಂದ ಮೇಲೆ ಬಂದರೆ ರಕ್ತದಾಗೂ ಹಾಗೇ ಆಗುತ್ತದೆ. ಕೀಲು ನೋವು, ಲಕ್ವ, ಕೆಲವೊಮ್ಮೆ ಸಾವು. ಅದಕ್ಕೇ ನಿಮಿಷಕ್ಕೆ ಸುಮಾರು 9 ಮೀಟರಿನಂತೆ ಏರುತ್ತ, ನಡುವೆ ನಿಂತು ನಿಂತು ಬರುತ್ತಾರೆ.

ಇನ್ನೊಂದು ಮಾತು. ಮುಳುಗಿದ ಎಷ್ಟೋ ವಿಮಾನಗಳಲ್ಲಿ ಸೈನಿಕರು ತೀರಿಕೊಂಡಿದ್ದಾರೆ. ಅವು ಅವರ ಸಮಾಧಿಗಳು. ಅಲ್ಲಿಂದ ಒಂದು ಮೊಳೆಯನ್ನೂ ಕಿತ್ತು ತರಬಾರದು.

ನಮ್ಮ ರಾಜ್ಯದಾಗ ಮುರ್ಡೇಶ್ವರದ ಹತ್ತಿರ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಮಾಡಿಸುತ್ತಾರೆ. ಅಲ್ಲಿ ಮೀನು, ಹವಳ ನೋಡಬಹುದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯ ನಮಗೆ ಸಮುದ್ರ ದೂರ. ಆದರೆ ಬಾವಿ, ಕಾಲುವೆ, ಆಲಮಟ್ಟಿಯ ಹಿನ್ನೀರು ಹತ್ತಿರ. ಪೈಪು, ಕಂಪ್ರೆಸರ್ ಕಟ್ಟಿಕೊಂಡು ಇದನ್ನು ಮಾಡಿ ನೋಡಬೇಡಿರಿ. ಈಸು ಬಂದರೂ ಒಬ್ಬೊಬ್ಬರೇ ನೀರಿಗೆ ಇಳಿಯಬೇಡಿರಿ. ಸ್ಕೂಬಾ ಕಲಿತವರಿಗೂ ಜೋಡಿ ಬಿಟ್ಟು ಇಳಿಯಬಾರದೆಂದೇ ಕಲಿಸುತ್ತಾರೆ.