ಫಲಕದ ಹೆಸರು, ಚಿಪ್‌ನ ಹೆಸರು

ಗ್ರಾಂಟ್ ರೋಡ್ ನಿಲ್ದಾಣದಲ್ಲಿಳಿದು ಪೂರ್ವಕ್ಕೆ ಕೆಲವು ನಿಮಿಷ ನಡೆದರೆ ಸಿಕ್ಕುವ, ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿಂದ ಕಿಕ್ಕಿರಿದ ಬೀದಿಗೆ, ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮುಂಬಯಿಯ ಗವರ್ನರನಾಗಿದ್ದ ಲ್ಯಾಮಿಂಗ್ಟನ್ನನ ಹೆಸರೇ ಜನರ ನಾಲಗೆಯಲ್ಲಿ ಉಳಿದುಬಂದಿದ್ದರೂ ಫಲಕದ ಮೇಲಿರುವುದು ಡಾಕ್ಟರ್ ದಾದಾಸಾಹೇಬ ಭಡಕಮಕರ್ ಮಾರ್ಗವೆಂಬ ಹೆಸರು. ಹಳೆಯ ಲ್ಯಾಪ್‌ಟಾಪಿನಲ್ಲಿ ಲಿನಕ್ಸನ್ನು ಪರೀಕ್ಷಿಸಬಯಸುವವರು ಈ ಎರಡು ಹೆಸರುಗಳ ಅಂತರವನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳಿತು. ಯಂತ್ರದ ಮುಚ್ಚಳದ ಮೇಲೆ ಕೊರೆದ ಕಂಪನಿಯ ಹೆಸರೊಂದು, ಒಳಗಿನ ವೈಫೈ ಚಿಪ್ಪನ್ನು ತಯಾರಿಸಿದವರ ಹೆಸರು ಮತ್ತೊಂದು. ಡ್ರೈವರ್ ಯಾವುದೆಂಬುದನ್ನು ನಿರ್ಣಯಿಸತಕ್ಕದ್ದು ಎರಡನೆಯದು.

14 ಅಕ್ಟೋಬರ್ 2025ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗಿದಾಗ, ಸುಸ್ಥಿತಿಯಲ್ಲಿದ್ದ ಯಂತ್ರವನ್ನು ಗುಜರಿಗೆ ಹಾಕಲೊಲ್ಲದ ಡೊಂಬಿವಲಿಯ ನನ್ನ ಮಿತ್ರರೊಬ್ಬರು, ಯಾರೋ ಕೊಟ್ಟ, ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ 11ನೆಯ ಆವೃತ್ತಿಯ ಪೆನ್‌ಡ್ರೈವಿನಿಂದ ಲಿನಕ್ಸನ್ನು ಸ್ಥಾಪಿಸಿ, ವೈಫೈ ಕಾಣದೆ ಕಂಗೆಟ್ಟು, ಆ ಬೀದಿಯ ಒಂದಂಗಡಿಗೆ ಹೋದರು. ಕಾರ್ಡೇ ಕೆಟ್ಟಿದೆ, ಹೊಸದನ್ನು ಹಾಕಿಸಬೇಕು, ಲಿನಕ್ಸಿಗೆ ಡ್ರೈವರ್ ದೊರೆಯುವುದೇ ಇಲ್ಲ ಎಂಬ ಮೂರು ಮಾತುಗಳು ಅವರಿಗೆ ಅಲ್ಲಿ ಸಿಕ್ಕವು. ಮೂರೂ ತಪ್ಪು.

ಪ್ರತಿಯೊಂದು ಯಂತ್ರಾಂಗಕ್ಕೂ ತಯಾರಕರ ಜಾಲತಾಣದಿಂದಲೋ ಸಿ.ಡಿ.ಯಿಂದಲೋ ಡ್ರೈವರನ್ನು ತಂದು ತುಂಬಬೇಕೆಂಬ ಭಾವನೆ ವಿಂಡೋಸಿನ ದೀರ್ಘ ಸಹವಾಸದಿಂದ ಬಂದದ್ದು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನೆಲ್ಲಿನ, ಅಂದರೆ ಆ ವ್ಯವಸ್ಥೆಯ ತಿರುಳಿನ, ಮೂಲಸಂಕೇತದಲ್ಲಿ ಇಂದು ಅರ್ಧಕ್ಕೂ ಮಿಕ್ಕ ಭಾಗ ಡ್ರೈವರುಗಳದೇ ಆಗಿದ್ದು, ಯಂತ್ರ ಎಚ್ಚೆತ್ತಾಗ ಒಳಗಿನ ಒಂದೊಂದು ಅಂಗವೂ ತನ್ನ ತಯಾರಕನ ಸಂಖ್ಯೆಯನ್ನೂ ತನ್ನ ಸಂಖ್ಯೆಯನ್ನೂ ತಿಳಿಸಲು, ಕರ್ನೆಲ್ ಆ ಜೋಡಿಗೆ ಒಪ್ಪುವ ಡ್ರೈವರನ್ನು ತನ್ನ ಭಂಡಾರದಿಂದ ತಾನೇ ತೆಗೆದು ನಿಯೋಜಿಸುತ್ತದೆ. ಇಂಟೆಲ್ಲಿನ ಸಂಖ್ಯೆ 8086. ಅದು 1978ರಲ್ಲಿ ಬಂದ ಅವರದೇ ಪ್ರಸಿದ್ಧ ಪ್ರೊಸೆಸರಿನ ಹೆಸರು. ಎಲ್‌ಎಸ್‌ಪಿಸಿಐ ಎಂಬ ಆಜ್ಞೆಗೆ ಎನ್‌ಎನ್‌ಕೆ ಎಂಬ ಅಕ್ಷರಗಳನ್ನು ಜೋಡಿಸಿ ಕೇಳಿದರೆ ಈ ಸಂಖ್ಯೆಗಳೂ, ಯಾವ ಡ್ರೈವರ್ ಕೆಲಸದಲ್ಲಿದೆ ಎಂಬುದೂ ತೆರೆಯ ಮೇಲೆ ಮೂಡುತ್ತವೆ. ನನ್ನ ಮಿತ್ರರ ಯಂತ್ರದಲ್ಲಿ ವೈಫೈ ಕಾರ್ಡಿನ ಸಾಲು ಸ್ಪಷ್ಟವಾಗಿಯೇ ಇದ್ದಿತು. ಸತ್ತ ಕಾರ್ಡು ಹಾಗೆ ಓಗೊಡುವುದು ವಿರಳ.

ಹಾಗಾದರೆ ಕೊರತೆ ಎಲ್ಲಿ? ಇಲ್ಲಿ ಡ್ರೈವರನ್ನೂ ಫರ್ಮ್‌ವೇರನ್ನೂ ಒಂದೆಂದು ತಿಳಿಯುವ ಭ್ರಮೆ ಅಡ್ಡಬರುತ್ತದೆ. ಡ್ರೈವರ್ ಕರ್ನೆಲ್ಲಿನ ಪರವಾಗಿ ಮಾತಾಡುವ ತಂತ್ರಾಂಶ; ಫರ್ಮ್‌ವೇರ್ ಚಿಪ್ಪಿನೊಳಗೇ ನಡೆಯತಕ್ಕ, ತಯಾರಕನು ಮೂಲಸಂಕೇತವನ್ನು ಸಾಮಾನ್ಯವಾಗಿ ಬಹಿರಂಗಪಡಿಸದ ಮತ್ತೊಂದು ತಂತ್ರಾಂಶ. ಅನೇಕ ವೈಫೈ ಚಿಪ್ಪುಗಳು ಅದನ್ನು ತಮ್ಮಲ್ಲಿ ಶಾಶ್ವತವಾಗಿ ಇರಿಸಿಕೊಳ್ಳದೆ, ಪ್ರತಿ ಸಲವೂ ಕಂಪ್ಯೂಟರಿನಿಂದಲೇ ಬೇಡುತ್ತವೆ. ಸ್ವತಂತ್ರ ತಂತ್ರಾಂಶದ ತತ್ತ್ವನಿಷ್ಠೆಯಿಂದ ಡೆಬಿಯನ್ ಸಂಸ್ಥೆ ಇಂಥ ಮುಚ್ಚಿದ ಫರ್ಮ್‌ವೇರನ್ನು ತನ್ನ ಅಧಿಕೃತ ಸ್ಥಾಪನಾಮಾಧ್ಯಮದಿಂದ ಬಹುಕಾಲ ಹೊರಗಿಟ್ಟು, 2022ರಲ್ಲಿ ಸದಸ್ಯರ ಮತದಾನದ ಮೂಲಕ ನಿಲುವನ್ನು ಬದಲಿಸಿ, ಜೂನ್ 2023ರ ಡೆಬಿಯನ್ 12ರಿಂದ ಸೇರಿಸತೊಡಗಿತು. ಆ ನಿಷ್ಠೆಯನ್ನು ನಾನು ಗೌರವಿಸುತ್ತೇನೆ. ಆದರೆ ಅದನ್ನರಿಯದ ಹೊಸಬನು ಪಟ್ಟ ಪಾಡೂ ಅಷ್ಟೇ ನಿಜ. ಉಬುಂಟು ಎಂಬ ಇನ್ನೊಂದು ವಿತರಣೆಯಲ್ಲಿ ನಡೆದ ವೈಫೈ ಡೆಬಿಯನ್ 11ರಲ್ಲಿ ನಡೆಯದಿದ್ದರೆ, ಒಂದರಲ್ಲಿ ಡ್ರೈವರ್ ಉಂಟು, ಇನ್ನೊಂದರಲ್ಲಿಲ್ಲ ಎಂದು ಜನ ತೀರ್ಮಾನಿಸುತ್ತಾರೆ. ಕರ್ನೆಲ್ ಎಲ್ಲರದೂ ಒಂದೇ. ಅದರ ಆವೃತ್ತಿಯ ಹಳತು ಹೊಸತು, ಫರ್ಮ್‌ವೇರನ್ನು ಜೊತೆಗಿಡುವ ನೀತಿ, ವ್ಯತ್ಯಾಸ ಬಹುಮಟ್ಟಿಗೆ ಇವೆರಡರಲ್ಲಿ. ಈ ಕಾರಣದಿಂದಲೇ ತೀರ ಹೊಸ ಲ್ಯಾಪ್‌ಟಾಪಿಗೆ ಹಳೆಯ ಕರ್ನೆಲ್ ಒಗ್ಗದಿರುವುದುಂಟು.

ಪರೀಕ್ಷಿಸಿ ನೋಡಿದರೆ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆಂಬುದು ಭಯವೇ ಹೊರತು ಸತ್ಯವಲ್ಲ. 8 ಜಿ.ಬಿ.ಯ ಪೆನ್‌ಡ್ರೈವಿನಿಂದ ಲೈವ್ ಆವೃತ್ತಿಯನ್ನು ನಡೆಸಿ, ಶಬ್ದ, ಕ್ಯಾಮೆರಾ, ವೈಫೈ, ಮುಚ್ಚಳ ಮುಚ್ಚಿ ತೆರೆದಾಗ ಯಂತ್ರ ಏಳುವ ಬಗೆ, ಇವನ್ನೆಲ್ಲ ಸ್ಥಾಪನೆಗೆ ಮುನ್ನವೇ ನೋಡಬಹುದು. ಅಳಿಯುವುದು ಆ ಪೆನ್‌ಡ್ರೈವಿನಲ್ಲಿ ಮೊದಲಿದ್ದುದು ಮಾತ್ರ.

ಸಹಿಯಿಲ್ಲದ ತಂತ್ರಾಂಶವನ್ನು ಬೂಟಿನಲ್ಲೇ ತಡೆಯುವ ಸೆಕ್ಯೂರ್ ಬೂಟನ್ನು ಆರಿಸದೆ ಲಿನಕ್ಸ್ ನಡೆಯದೆಂಬ ಮಾತೂ ಹಳತಾಯಿತು. ಉಬುಂಟು, ಫೆಡೋರಾ, 2019ರ ಡೆಬಿಯನ್ 10ರಿಂದೀಚಿನ ಆವೃತ್ತಿಗಳು ಅದರೊಡನೆಯೇ ನಡೆಯುತ್ತವೆ. ಡಿಸ್ಕನ್ನು ಗುಪ್ತಲಿಪಿಯಲ್ಲಿಡುವ ಬಿಟ್‌ಲಾಕರ್ ಇರುವ ಯಂತ್ರದಲ್ಲಿ ಸೆಕ್ಯೂರ್ ಬೂಟನ್ನು ವೃಥಾ ಆರಿಸಿದರೆ ವಿಂಡೋಸ್ ರಿಕವರಿ ಕೀಲಿಯನ್ನು ಕೇಳಿ ನಿಲ್ಲಬಹುದು. ಎನ್‌ವಿಡಿಯಾದಂಥ ಹೊರಗಿನ ಡ್ರೈವರನ್ನು ನಮ್ಮ ಯಂತ್ರದಲ್ಲೇ ಕಟ್ಟಿ ಸೇರಿಸಿದಾಗ ಮಾತ್ರ, ಮರುಬೂಟಿನಲ್ಲಿ ನೀಲಿ ಪರದೆಯೊಂದು ಎದ್ದು ಹೊಸ ಕೀಲಿಯನ್ನು ನೋಂದಾಯಿಸಲು ಕೇಳುತ್ತದೆ. ಅದನ್ನು ದೋಷವೆಂದು ಬಗೆದು ಮುಂದಕ್ಕೆ ಒತ್ತಿದವರು, ಮುಂದೆ ಡ್ರೈವರ್ ಏಳದಿದ್ದಾಗ, ಕಾರಣವನ್ನು ಬೇರೆಲ್ಲೋ ಹುಡುಕುತ್ತಾರೆ.

ಕನ್ನಡದ ಕೀಲಿಮಣೆಗೆ ಬೇರೆ ಡ್ರೈವರ್ ಬೇಕೆಂದು ಕೇಳುವವರು ಮಾಟುಂಗದ ನಮ್ಮ ಕನ್ನಡಿಗರಲ್ಲೇ ಹಲವರು. ಬೇಡ, ಕನ್ನಡ ಗಣಕ ಪರಿಷತ್ತಿನ ಕಗಪ ವಿನ್ಯಾಸ ಲಿನಕ್ಸಿನ ಕೀಲಿಮಣೆಗಳ ಪಟ್ಟಿಯಲ್ಲಿಯೇ ಇದೆ, ಆರಿಸಿಕೊಂಡರಾಯಿತು. ಆಜ್ಞೆಗಳಿಗೆ ಅಂಜುವವರಿಗಾಗಿ ಪವಾಯಿಯ ಐ.ಐ.ಟಿ.ಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯು ಲಿನಕ್ಸಿನ ಪಾಠಗಳನ್ನು ಕನ್ನಡದಲ್ಲಿಯೂ ಒದಗಿಸಿದೆ.

ಮಿತ್ರರ ಮನೆಗೆ ನಾನು ಹೋದದ್ದು ಒಂದು ಭಾನುವಾರ. ವೈಫೈ ಇಲ್ಲದೆ ಫರ್ಮ್‌ವೇರನ್ನು ಇಳಿಸಿಕೊಳ್ಳುವುದೆಂತು ಎಂದು ಅವರು ಕೇಳಿದರು. ಅವರ ಫೋನನ್ನೇ ಯು.ಎಸ್.ಬಿ. ತಂತಿಯಿಂದ ಜೋಡಿಸಿ, ಅದರ ಜಾಲಸಂಪರ್ಕವನ್ನು ಹಂಚುವ ಟೆದರಿಂಗನ್ನು ತೆರೆದೆವು. ಕರ್ನೆಲ್ ಅದನ್ನು ಕೂಡಲೆ ಜಾಲದ ಕಾರ್ಡೆಂದು ಗುರುತಿಸಿತು. ಚಿಪ್ಪಿನ ಸಂಖ್ಯೆಗೆ ಹೊಂದುವ ಫರ್ಮ್‌ವೇರ್ ಪೊಟ್ಟಣವನ್ನು ಡೆಬಿಯನ್ನಿನ ಭಂಡಾರದಿಂದ ತಂದು ಸ್ಥಾಪಿಸಿ ಮರುಬೂಟಿಸಿದೊಡನೆ, ಅವರ ಮನೆಯ ವೈಫೈಯ ಹೆಸರು ನೆರೆಹೊರೆಯ ಹತ್ತಾರು ಹೆಸರುಗಳ ಮೇಲುಗಡೆ ಕಾಣಿಸಿತು.