ಒಂದು ಫ್ರೇಮಿಗೆ ಸಿಗುವ ಹೊತ್ತು

ಆಟದ ಪರದೆಯ ಮೂಲೆಯಲ್ಲಿ ಓಡುವ ಎಫ್‌ಪಿಎಸ್ ಅಂಕಿ, ಸೆಕೆಂಡಿಗೆ ಎಷ್ಟು ಫ್ರೇಮ್ ತಯಾರಾದವು ಎಂಬುದನ್ನಷ್ಟೇ ಹೇಳುತ್ತದೆ. ಗ್ರಾಫಿಕ್ಸ್ ಕಾರ್ಡಿಗೆ ಬೇಕಾದದ್ದು ಇದನ್ನು ತಿರುಗಿಸಿದ ಲೆಕ್ಕ. 60 ಫ್ರೇಮ್ ಬೇಕೆಂದರೆ ಒಂದೊಂದಕ್ಕೂ ಸಿಗುವುದು 16.7 ಮಿಲಿಸೆಕೆಂಡು. ಆಕಾರ, ಬಣ್ಣ, ನೆರಳು, ಹೊಗೆ ಎಲ್ಲವೂ ಅಷ್ಟರೊಳಗೆ ಮುಗಿಯಬೇಕು. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್. 4ಕೆ ಪರದೆಯಲ್ಲಿ ಅದರ ನಾಲ್ಕು ಪಟ್ಟು. ಹೊತ್ತು ಮಾತ್ರ ಅಷ್ಟೇ.

ಈ ಹೊತ್ತು ಹೇಗೆ ಕರಗುತ್ತದೆಂದು ನೋಡಲು ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ 2020ರಲ್ಲಿ ಬಿಡುಗಡೆ ಮಾಡಿದ ‘ಸೈಬರ್‌ಪಂಕ್ 2077’ ಸಾಕು. 2023ರ ಏಪ್ರಿಲ್‌ನಲ್ಲಿ ಅದಕ್ಕೆ ಪಾತ್ ಟ್ರೇಸಿಂಗ್ ಬಂತು. ಅದುವರೆಗಿನ ಆಟಗಳಲ್ಲಿ ಬೆಳಕು ಬಹುಮಟ್ಟಿಗೆ ಕಣ್ಕಟ್ಟು: ಗೋಡೆಯ ಮೇಲಿನ ಬೆಳಕನ್ನು ಮೊದಲೇ ಲೆಕ್ಕಹಾಕಿ ಅಂಟಿಸಿರುತ್ತಾರೆ, ಒದ್ದೆ ನೆಲದಲ್ಲಿ ಪರದೆಯ ಮೇಲಿರುವ ಚಿತ್ರವನ್ನೇ ಮಗುಚಿ ತೋರಿಸುತ್ತಾರೆ. ಪಾತ್ ಟ್ರೇಸಿಂಗಿನಲ್ಲಿ ಪಿಕ್ಸೆಲ್ ಪಿಕ್ಸೆಲ್‌ಗೂ ಕಿರಣ ಹೊರಟು, ವಸ್ತುಗಳಿಗೆ ತಾಗಿ ಪುಟಿದು, ದೀಪವನ್ನು ಹುಡುಕಬೇಕು. 2022ರಲ್ಲಿ ಬಂದ, 16,384 ಗಣನ ಘಟಕಗಳಿರುವ ಎನ್ವಿಡಿಯಾ ಆರ್‌ಟಿಎಕ್ಸ್ 4090 ಕೂಡ 4ಕೆಯಲ್ಲಿ ಈ ಕೆಲಸಕ್ಕೆ ಸೆಕೆಂಡಿಗೆ 20 ಫ್ರೇಮಿನ ಆಸುಪಾಸಿಗೆ ಕುಸಿಯುತ್ತದೆ.

ಆದರೂ ಅದೇ ಕಾರ್ಡು ಅದೇ ಆಟವನ್ನು ನುಣ್ಣಗೆ ಓಡಿಸುವುದನ್ನು ಜನ ನೋಡಿದ್ದಾರೆ. ಗುಟ್ಟು ಡಿಎಲ್‌ಎಸ್‌ಎಸ್ ಎಂಬ ತಂತ್ರದಲ್ಲಿದೆ. ಅದರ ಪರ್ಫಾರ್ಮೆನ್ಸ್ ಬಗೆಯಲ್ಲಿ ಕಾರ್ಡು 1080ಪಿ ಚಿತ್ರವನ್ನಷ್ಟೇ ಬಿಡಿಸುತ್ತದೆ. 4ಕೆಗೆ ಹಿಗ್ಗಿಸುವುದು ತರಬೇತಿ ಪಡೆದ ನರಜಾಲ. ಜೊತೆಗೆ ಫ್ರೇಮ್ ಜನರೇಷನ್ ಎರಡು ಫ್ರೇಮುಗಳ ನಡುವೆ ಇನ್ನೊಂದನ್ನು ಊಹಿಸಿ ತುಂಬಿಸುತ್ತದೆ. ಕಾಲು ಭಾಗದ ಅರ್ಧ ಎಂದರೆ, ಕಣ್ಣೆದುರಿನ ಎಂಟು ಪಿಕ್ಸೆಲ್‌ಗಳಲ್ಲಿ ನಿಜವಾಗಿ ಬಿಡಿಸಿದ್ದು ಒಂದೇ! ಇದನ್ನು ಮೋಸ ಎನ್ನುವವರಿದ್ದಾರೆ. ಹಳೆಯ ಬೆಳಕೂ ಕಣ್ಕಟ್ಟೇ ಆಗಿತ್ತಲ್ಲ, ಚಿತ್ರವನ್ನು ಹಿಗ್ಗಿಸುವುದರ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಊಹೆಯ ಫ್ರೇಮಿನ ಬಗ್ಗೆ: ಅದು ಚಲನೆಯನ್ನು ನಯಗೊಳಿಸುತ್ತದೆಯೇ ಹೊರತು ಮೌಸಿಗೆ ಬೇಗ ಓಗೊಡುವುದಿಲ್ಲ. ಮುಂದಿನ ಅಸಲಿ ಫ್ರೇಮನ್ನು ತಡೆದಿಟ್ಟುಕೊಳ್ಳಬೇಕಾದ್ದರಿಂದ ತುಸು ತಡವೇ ಆಗುತ್ತದೆ.

ಕಾರ್ಡಿನ ಸ್ವಂತ ಮೆಮೊರಿಯೂ ಹೊತ್ತು ತಿನ್ನುತ್ತದೆ. ಹೊಸ ಆಟಗಳ ಟೆಕ್ಸ್ಚರುಗಳು (ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರಗಳು) ಕಾರ್ಡಿನ 8 ಜಿಬಿಯಲ್ಲಿ ಹಿಡಿಸದಿದ್ದರೆ, ಕಟ್ಟೆಯ ಮೇಲೆ ಜಾಗವಿಲ್ಲದೆ ಒಗ್ಗರಣೆಯ ನಡುವೆ ಉಗ್ರಾಣಕ್ಕೆ ಓಡುವ ಅಡುಗೆಯವರ ಪಾಡು ಅದಕ್ಕೆ. ಇಂಥ ಮುಗ್ಗರಿಕೆಯನ್ನು ಸರಾಸರಿ ಮುಚ್ಚಿಹಾಕುತ್ತದೆ. 59 ಫ್ರೇಮುಗಳು ತಲಾ 10 ಮಿಲಿಸೆಕೆಂಡಿನಲ್ಲಿ ಮುಗಿದು, ಒಂದೇ ಒಂದು 410 ತೆಗೆದುಕೊಂಡರೂ ಸರಾಸರಿ ಸರಿಯಾಗಿ 60! ಆಡುವವನಿಗೆ ಮಾತ್ರ ಆಟ ಗಕ್ಕನೆ ನಿಂತಂತೆ. ಅದಕ್ಕೇ ಒಳ್ಳೆಯ ವಿಮರ್ಶಕರು ಅತಿ ನಿಧಾನದ ಶೇ. 1ರಷ್ಟು ಫ್ರೇಮುಗಳ ವೇಗವನ್ನು ಬೇರೆಯಾಗಿ ಕೊಡುತ್ತಾರೆ.

ಎಲ್ಲ ತಪ್ಪೂ ಕಾರ್ಡಿನದ್ದಲ್ಲ. ಜರ್ಮನಿಯ ಕ್ರೈಟೆಕ್ 2007ರಲ್ಲಿ ‘ಕ್ರೈಸಿಸ್’ ಹೊರತಂದಾಗ, ಪ್ರೊಸೆಸರಿನ ಒಂದೊಂದು ಕೋರ್ ವರ್ಷವರ್ಷವೂ ವೇಗವಾಗುತ್ತ ಹೋಗುತ್ತದೆಂದು ನಂಬಿತ್ತು. ಹೆಚ್ಚಿದ್ದು ಕೋರ್‌ಗಳ ಸಂಖ್ಯೆ. ಹಾಗಾಗಿ ಆ ಆಟದ ಗದ್ದಲದ ದೃಶ್ಯಗಳಲ್ಲಿ ಇಂದಿನ ದುಬಾರಿ ಕಾರ್ಡೂ ಪ್ರೊಸೆಸರಿನ ಅಪ್ಪಣೆಗೆ ಕಾಯುತ್ತ ಕೂರುತ್ತದೆ. ನಿಮ್ಮ ಯಂತ್ರದಲ್ಲಿ ಯಾರು ಯಾರಿಗೆ ಕಾಯುತ್ತಿದ್ದಾರೆಂದು ತಿಳಿಯಲು ರೆಸಲ್ಯೂಷನ್ ಇಳಿಸಿ ನೋಡಿ: ಎಫ್‌ಪಿಎಸ್ ಏರದಿದ್ದರೆ ಹೊಸ ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಸುರಿದು ಪ್ರಯೋಜನವಿಲ್ಲ.