ಜೀಪಿನ ಅಚ್ಚಿಗೊಂದು ಬೀಗ

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಗಳಲ್ಲಿ ತೋಟದ ಮನೆಗಳುಳ್ಳ ನಮ್ಮ ಓದುಗರಿಗೆ ಜೀಪೆಂಬುದು ವಿಲಾಸದ ವಸ್ತುವಲ್ಲವೆಂದು ಬಿಡಿಸಿ ಹೇಳಬೇಕಾದುದಿಲ್ಲ. ಕಾಫಿಯ ಮೂಟೆ, ಗೊಬ್ಬರದ ಚೀಲ, ಶಾಲೆಯ ಮಕ್ಕಳು, ನಡುರಾತ್ರಿಯಲ್ಲಿ ಹೆರಿಗೆಯ ನೋವು ಕಾಣಿಸಿಕೊಂಡ ಮನೆಯ ಸೊಸೆ ಇವೆಲ್ಲವೂ ಒಂದೇ ವಾಹನದಲ್ಲಿ, ಒಂದೇ ಕೆಮ್ಮಣ್ಣಿನ ಏರನ್ನು ಹತ್ತಿ ಡಾಂಬರು ರಸ್ತೆಯನ್ನು ಸೇರಬೇಕಾಗಿದೆ. ಮಳೆಗಾಲದಲ್ಲಿ ಆ ಏರಿನ ತಿರುವಿನಲ್ಲಿ ಹಿಂದಿನ ಒಂದು ಚಕ್ರವು ಕೊರಕಲಿನ ಮೇಲೆ ನೆಲ ಬಿಟ್ಟು ನಿಂತು ಗಿರ್ರನೆ ತಿರುಗುವುದು. ಮುಂದಿನ ಒಂದು ಚಕ್ರವು ಕೆಸರಿನಲ್ಲಿ ಹಾಗೆಯೇ ತಿರುಗುವುದು. ಮಿಕ್ಕ ಎರಡು ಚಕ್ರಗಳು ಗಟ್ಟಿಯಾದ ನೆಲದ ಮೇಲೆ ಇದ್ದೂ ಕದಲುವುದಿಲ್ಲ. "ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಗಾಡಿಯೆಂದು ಹಣ ಕೊಟ್ಟು ಕೊಂಡೆವಲ್ಲ, ಇದೇನು?" ಎಂದು ಯಜಮಾನರು ಟಾರ್ಚು ಹಿಡಿದು ಮಳೆಯಲ್ಲಿ ನಿಂತು ಕೇಳಿಕೊಳ್ಳುವ ಪ್ರಶ್ನೆಗೆ ಉತ್ತರವನ್ನೂ, ಹೆಚ್ಚು ವೆಚ್ಚವಿಲ್ಲದ ಪರಿಹಾರವನ್ನೂ ಹೇಳುವುದೇ ಈ ಲೇಖನದ ಉದ್ದೇಶವು. ಪರಿಹಾರದ ಹೆಸರು ಲಾಕರು. ನಮ್ಮ ಗೃಹಿಣಿಯರಿಗೆ ಪರಿಚಿತವಾದ, ಒಡವೆಯಿಡುವ ಬ್ಯಾಂಕಿನ ಲಾಕರಿಗೂ ಇದಕ್ಕೂ ಸಂಬಂಧವಿಲ್ಲ; ಆದರೆ ಇದನ್ನು ಕೊಳ್ಳಬೇಕೋ ಬೇಡವೋ ಎಂಬ ವಿಚಾರದಲ್ಲಿ ಅವರ ಮಾತಿಗೂ ಸ್ಥಾನವಿರಬೇಕೆಂಬುದು ಮುಂದೆ ತಿಳಿದುಬರುವುದು.

ಮೊದಲು ಡಿಫರೆನ್ಷಿಯಲ್ ಎಂಬ ಯಂತ್ರಭಾಗದ ಕೆಲಸವನ್ನು ತಿಳಿಯೋಣ. ಕಣದಲ್ಲಿ ಮೇಟಿಗೆ ಸಾಲಾಗಿ ಕಟ್ಟಿದ ಎತ್ತುಗಳು ತುಳಿಯುವಾಗ ಮೇಟಿಯ ಬಳಿಯ ಎತ್ತು ಮೆಲ್ಲನೆ ಹೆಜ್ಜೆಯಿಡುವುದನ್ನೂ, ಹೊರಗಿನ ಎತ್ತು ಬೇಗ ಬೇಗನೆ ನಡೆಯುವುದನ್ನೂ ನೋಡಿರುವೆವಷ್ಟೆ. ತಿರುವಿನಲ್ಲಿ ವಾಹನದ ಒಳಚಕ್ರ ಹೊರಚಕ್ರಗಳ ಸಂಗತಿಯೂ ಹೀಗೆಯೇ. ಎತ್ತಿನ ಗಾಡಿಯಲ್ಲಿ ಅಚ್ಚು ತಿರುಗುವುದಿಲ್ಲ, ಚಕ್ರಗಳು ಬೇರೆ ಬೇರೆಯಾಗಿ ತಿರುಗುವುವು. ಆದುದರಿಂದ ಅಲ್ಲಿ ತೊಂದರೆಯಿಲ್ಲ. ಮೋಟಾರಿನಲ್ಲಾದರೋ ಯಂತ್ರದ ಶಕ್ತಿಯು ಅಚ್ಚಿನ ಮೂಲಕವೇ ಚಕ್ರಗಳಿಗೆ ಹೋಗಬೇಕು. ಎರಡು ಚಕ್ರಗಳನ್ನೂ ಒಂದೇ ಸರಳಿಗೆ ಬಿಗಿದರೆ ತಿರುವಿನಲ್ಲಿ ಒಂದು ಟೈರು ನೆಲವನ್ನು ಉಜ್ಜಲೇಬೇಕು. ಈ ಕಷ್ಟವನ್ನು ಕಳೆಯುವ ಹಲ್ಲುಚಕ್ರಗಳ ಜೋಡಣೆಗೆ ಪ್ಯಾರಿಸಿನ ಪೆಕ್ಯೋರ್ ಎಂಬ ಗಡಿಯಾರದ ಕುಶಲಕರ್ಮಿಯು ೧೮೨೦ರ ದಶಕದ ಕೊನೆಯಲ್ಲಿ, ಉಗಿಯಿಂದ ನಡೆಯುವ ಗಾಡಿಗಾಗಿ ಹಕ್ಕುಪತ್ರವನ್ನು ಪಡೆದನು. ಮೋಟಾರು ಹುಟ್ಟುವುದಕ್ಕೆ ಎಷ್ಟೋ ವರ್ಷ ಮುಂಚೆಯೇ ಅದರ ಹಿಂದಿನ ಅಚ್ಚು ಸಿದ್ಧವಾಗಿದ್ದಿತು ಎನ್ನಬಹುದು.

ಈ ಜೋಡಣೆಯ ಗುಣವೇ ಅದರ ದೋಷವೂ ಆಗಿರುವುದು. ನೊಗದ ನಡುವೆ ಮೂಕಿಯನ್ನು ಕಟ್ಟಿರುವಾಗ ಎರಡು ಎತ್ತುಗಳ ಎಳೆತವೂ ಸಮನಾಗಿದ್ದರೆ ಮಾತ್ರ ನೊಗವು ನೆಟ್ಟಗೆ ನಿಲ್ಲುವುದು. ಒಂದು ಎತ್ತು ಜಾರಿ ಎಳೆಯದೆ ಹೋಯಿತೆನ್ನಿ: ಇನ್ನೊಂದು ಎಷ್ಟು ಬಲಶಾಲಿಯಾದರೂ ಅದರ ಬಲವು ನೊಗವನ್ನು ತಿರುಗಿಸುವುದರಲ್ಲಿ ಕಳೆದುಹೋಗುವುದೇ ಹೊರತು ಗಾಡಿ ಮುಂದಕ್ಕೆ ಬರುವುದಿಲ್ಲ. ಡಿಫರೆನ್ಷಿಯಲ್ಲು ಇಂಥ ನೊಗವೇ. "ಶಕ್ತಿಯೆಲ್ಲ ಜಾರುವ ಚಕ್ರಕ್ಕೆ ಹೋಗುತ್ತದೆ" ಎಂದು ಗ್ಯಾರೇಜುಗಳಲ್ಲಿ ಹೇಳುವುದುಂಟು; ವಾಸ್ತವವಾಗಿ ಎರಡು ಚಕ್ರಗಳಿಗೂ ಸಮವಾದ ತಿರುಚುಬಲವೇ ಹೋಗುತ್ತದೆ. ಜಾರುವ ಚಕ್ರವು ಸ್ವೀಕರಿಸಬಲ್ಲ ಬಲವು ಅತ್ಯಲ್ಪವಾದುದರಿಂದ ಗಟ್ಟಿನೆಲದ ಮೇಲಿರುವ ಚಕ್ರಕ್ಕೂ ಅಷ್ಟೇ ಅಲ್ಪವಾದ ಪಾಲು ದೊರೆಯುವುದು. ಜೀಪಿಗೆ ಮುಂದೊಂದು ಹಿಂದೊಂದು ಹೀಗೆ ಎರಡು ಡಿಫರೆನ್ಷಿಯಲ್‌ಗಳಿರುವುವು. ಮೂಲೆಗೆ ಮೂಲೆಯಾಗಿ ಎರಡು ಚಕ್ರಗಳು ಹಿಡಿತ ತಪ್ಪಿದರೆ ನಾಲ್ಕು ಚಕ್ರದ ಗಾಡಿಯೂ ನಿಂತುಹೋಗುವ ಕಾರಣವು ಇದೇ.

ಟ್ರ್ಯಾಕ್ಟರಿರುವ ಮನೆಗಳಲ್ಲಿ ಪರಿಹಾರವು ಕಣ್ಣೆದುರಿಗೇ ಇದೆ. ಕೆಸರುಗದ್ದೆಯಲ್ಲಿ ಒಂದು ಚಕ್ರ ಜಾರಿದೊಡನೆ ಚಾಲಕನು ಒಂದು ಪೆಡಲನ್ನು ತುಳಿಯುವನು. ಎರಡು ದೊಡ್ಡ ಚಕ್ರಗಳೂ ಒಂದಾಗಿ ತಿರುಗಿ ಟ್ರ್ಯಾಕ್ಟರು ಮೇಲೆ ಬರುವುದು. ಬಂದ ಮೇಲೆ ಪೆಡಲನ್ನು ಬಿಡುವನು. ಇದೇ ಡಿಫರೆನ್ಷಿಯಲ್ ಬೀಗ. ಜೀಪುಗಳಲ್ಲಿ ಫೋರ್ಸ್ ಗೂರ್ಖಾ ಎಂಬುದಕ್ಕೆ ಹಿಂದೆ ಮುಂದೆ ಎರಡು ಕಡೆಯೂ ಇಂಥ ಬೀಗವನ್ನು ಕಾರ್ಖಾನೆಯಲ್ಲಿಯೇ ಕೊಟ್ಟಿರುವರು. ೨೦೨೦ರಲ್ಲಿ ಬಂದ ಮಹೀಂದ್ರ ಥಾರಿನ ಕೆಲವು ಮಾದರಿಗಳ ಹಿಂದಿನ ಅಚ್ಚಿನಲ್ಲಿ, ಒಂದು ಚಕ್ರವು ಇನ್ನೊಂದಕ್ಕಿಂತ ಬಹಳ ವೇಗವಾಗಿ ತಿರುಗಿದಾಗ ತಾನಾಗಿಯೇ ಹಿಡಿದುಕೊಳ್ಳುವ ಬೀಗವಿದೆ. ಇವುಗಳನ್ನುಳ್ಳವರು ಮುಂದಿನದನ್ನು ಕುತೂಹಲಕ್ಕಾಗಿ ಓದಬಹುದು. ನಾನು ಮುಖ್ಯವಾಗಿ ಬರೆಯುತ್ತಿರುವುದು ಹಳೆಯ ಜೀಪುಗಳ ಒಡೆಯರಿಗೆ.

ಒಂದು ಕಾಸನ್ನೂ ಖರ್ಚು ಮಾಡುವ ಮೊದಲು ಟೈರುಗಳನ್ನು ನೋಡತಕ್ಕದ್ದು. ಸವೆದು ನುಣುಪಾದ ಟೈರಿಗೆ ಯಾವ ಲಾಕರೂ ಹಿಡಿತವನ್ನು ಕೊಡಲಾರದು. ಹಣವು ಮೊದಲು ಅಲ್ಲಿಗೆ ಹೋಗಲಿ. ಕೆಸರಿನ ದಾರಿಯಲ್ಲಿ ಗಾಳಿಯನ್ನು ಸುಮಾರು ೧೮ ಪೌಂಡಿಗೆ ಇಳಿಸಿ, ಡಾಂಬರು ಸೇರಿದೊಡನೆ ಮರಳಿ ತುಂಬುವ ಅಭ್ಯಾಸದಿಂದಲೇ ಅರ್ಧದಷ್ಟು ಸಂಕಟಗಳು ತೀರುವುವು. ಚಕ್ರವು ಬರಿದೇ ತಿರುಗುತ್ತಿರುವಾಗ ಬ್ರೇಕನ್ನು ಮೆಲ್ಲಗೆ ಒತ್ತಿ ಹಿಡಿದು ಆಕ್ಸಿಲರೇಟರನ್ನು ಕೊಂಚ ಕೊಟ್ಟರೆ ನಿಂತ ಚಕ್ರಕ್ಕೂ ಸ್ವಲ್ಪ ಬಲ ದೊರೆಯುವುದು. ಇದಕ್ಕೆ ಕೈಬ್ರೇಕನ್ನು ಬಳಸುವವರೂ ಉಂಟು. ಆದರೆ ಹಳೆಯ ವಿಲ್ಲಿಸ್ ಜೀಪುಗಳ ಕೈಬ್ರೇಕು ಚಕ್ರಗಳನ್ನು ಹಿಡಿಯದೆ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುವುದರಿಂದ ಅವುಗಳಲ್ಲಿ ಈ ಉಪಾಯವು ನಿಷ್ಫಲವು.

ಇಷ್ಟರಿಂದಲೂ ಸಾಲದೆ ಹೋದರೆ ಗ್ಯಾರೇಜಿಗೆ ಹೋಗುವಿರಿ. ಅಲ್ಲಿ ಮೇಸ್ತ್ರಿಯು ಹೇಳುವ ಮಾತನ್ನು ಈಗಲೇ ಹೇಳಿಬಿಡುವೆನು: "ಯಾಕೆ ಸಾರ್ ಅಷ್ಟು ದುಡ್ಡು? ಒಳಗಿನ ಸ್ಟಾರ್ ಗೇರಿಗೆ ವೆಲ್ಡಿಂಗ್ ಹೊಡೆದು ಕೊಡುತ್ತೇನೆ, ಸಾಯಂಕಾಲ ಗಾಡಿ ತೆಗೆದುಕೊಂಡು ಹೋಗಿ." ವೆಚ್ಚವು ಒಂದು ದಿನದ ಕೂಲಿ ಮಾತ್ರ, ನಿಜ. ತೋಟದ ಗೇಟನ್ನು ದಾಟದ ಗಾಡಿಗೆ ಅದು ಸಲ್ಲಬಹುದು. ಆದರೆ ಮಡಿಕೇರಿಯ ಪೇಟೆಗೂ ಶಾಲೆಗೂ ಹೋಗಿಬರುವ ಸಂಸಾರದ ಗಾಡಿಗೆ ಇದು ತಕ್ಕದ್ದಲ್ಲ. ಪ್ರತಿಯೊಂದು ತಿರುವಿನಲ್ಲಿಯೂ ಟೈರು ಉಜ್ಜುವುದು, ಅಚ್ಚಿನ ಸರಳು ತಿರುಚಿಕೊಳ್ಳುವುದು, ಒದ್ದೆಯಾದ ರಸ್ತೆಯಲ್ಲಿ ಗಾಡಿಯು ತಿರುಗದೆ ನೇರವಾಗಿ ನುಗ್ಗುವುದು. ಬೆಸುಗೆಯ ತುಂಡು ಕಳಚಿ ಕ್ರೌನ್ ಪಿನಿಯನ್ನಿನ ನಡುವೆ ಬಿದ್ದರೆ ಉಳಿಸಿದ ಹಣವು ಹಲವು ಪಾಲಾಗಿ ಹೊರಟುಹೋಗುವುದು. ಅನಂತರ ಬೇಡವೆನಿಸಿದರೆ ಬಿಡಿಸುವ ಮಾರ್ಗವೂ ಇಲ್ಲ.

ಮಿತವ್ಯಯದವರಿಗೆ ನಿಜವಾಗಿ ಹೊಂದುವುದು ಅಮೆರಿಕದವರು ತಿಂಡಿಡಬ್ಬಿಯ ಲಾಕರೆಂದು ಕರೆಯುವ ವಸ್ತುವು. ಲಾಕ್-ರೈಟ್, ಆಸಿ ಲಾಕರ್, ಸ್ಪಾರ್ಟನ್ ಮುಂತಾದ ಹೆಸರುಗಳಲ್ಲಿ ಬರುವ ಇದರ ಬೆಲೆಯು ಆ ದೇಶದಲ್ಲಿ ಸುಮಾರು ೩೦೦ರಿಂದ ೫೦೦ ಡಾಲರು. ಸಾಗಣೆಯೂ ಸುಂಕವೂ ಬೇರೆ. ಗುಂಡಿಯೊತ್ತಿದರೆ ಗಾಳಿಯ ಒತ್ತಡದಿಂದ ಹಿಡಿಯುವ ಏ.ಆರ್.ಬಿ. ಮುಂತಾದ ಲಾಕರುಗಳು ಗುಣದಲ್ಲಿ ಮೇಲಾದರೂ ಬೆಲೆಯಲ್ಲಿ ಇದರ ಎರಡು ಮೂರು ಪಾಲಾಗುವುವು. ಅವುಗಳಿಗಾಗಿ ಡಿಫರೆನ್ಷಿಯಲ್ಲಿನ ಇಡೀ ಕೇಸನ್ನೇ ಬದಲಿಸಿ, ಕ್ರೌನ್ ಪಿನಿಯನ್ನಿನ ಹಲ್ಲುಗಳ ಅಂತರವನ್ನು ಹೊಸದಾಗಿ ಹೊಂದಿಸಬೇಕು. ಆ ಕೆಲಸವನ್ನು ಬಲ್ಲ ಮೇಸ್ತ್ರಿಗಳು ವಿರಳ. ತಿಂಡಿಡಬ್ಬಿಯ ಲಾಕರಿನಲ್ಲಿ ಕ್ರೌನ್ ಪಿನಿಯನ್ನನ್ನು ಮುಟ್ಟುವಂತಿಲ್ಲ. ಹಳೆಯ ಕೇಸಿನೊಳಗಿನ ಸ್ಟಾರ್ ಗೇರುಗಳನ್ನೂ ಸನ್ ಗೇರುಗಳನ್ನೂ ತೆಗೆದು, ಮುಖಾಮುಖಿಯಾಗಿ ಹಲ್ಲುಗಳುಳ್ಳ ನಾಲ್ಕು ಉಕ್ಕಿನ ತುಂಡುಗಳನ್ನು ಇಡುವರು. ಹೊರಗಿನ ಎರಡು ತುಂಡುಗಳು ಅಚ್ಚಿನ ಸರಳುಗಳಿಗೂ, ಒಳಗಿನ ಎರಡು ನಡುವಿನ ಅಡ್ಡಶಾಫ್ಟಿಗೂ ಸೇರಿರುವುವು. ಯಂತ್ರವು ಎಳೆಯುವಾಗ ಅಡ್ಡಶಾಫ್ಟು ಒಳತುಂಡುಗಳನ್ನು ಬೆಣೆಯಂತೆ ಹೊರಕ್ಕೆ ಒತ್ತುವುದರಿಂದ ಹಲ್ಲುಗಳು ಬಿಗಿಯುವುವು. ತಿರುವಿನಲ್ಲಿ ಹೊರಚಕ್ರವು ಮುಂದೋಡಬಯಸಿದರೆ ಆ ಕಡೆಯ ಹಲ್ಲುಗಳು ಬೈಸಿಕಲ್ಲಿನ ಫ್ರೀವೀಲಿನಂತೆ ಟಿಕ್ ಟಿಕ್ ಎಂದು ಜಾರಿಕೊಡುವುವು. ಚಕ್ರವು ಕ್ರೌನಿಗಿಂತ ವೇಗವಾಗಿ ತಿರುಗಬಹುದು, ಎಂದಿಗೂ ನಿಧಾನವಾಗಿ ತಿರುಗಲಾರದು, ಅದರ ನಿಯಮವಿಷ್ಟೇ. ಘರ್ಷಣೆಯ ಬಿಲ್ಲೆಗಳಿಂದ ಕೆಲಸ ಮಾಡುವ, ಲಿಮಿಟೆಡ್ ಸ್ಲಿಪ್ ಎಂಬ ಇನ್ನೊಂದು ಬಗೆಯುಂಟು; ಚಕ್ರವು ಪೂರ್ತಿ ನೆಲ ಬಿಟ್ಟಾಗ ಅದರ ಸಹಾಯ ಅಲ್ಪ, ಬಿಲ್ಲೆಗಳು ಸವೆಯುವುದೂ ನಿಶ್ಚಯ.

ಒಂದೇ ಲಾಕರಿಗೆ ಹಣವಿದ್ದರೆ ಅದು ಹಿಂದಿನ ಅಚ್ಚಿಗೇ ಸಲ್ಲತಕ್ಕದ್ದು. ಏರುವಾಗ ಭಾರವೆಲ್ಲ ಹಿಂದಕ್ಕೆ ಬೀಳುವುದು. ಮುಂದೆ ಹಾಕಿದರೆ ಸ್ಟೀರಿಂಗು ಬಿಗಿಯಾಗುವುದು, ಪೂರ್ತಿ ತಿರುಗಿಸಿದ ಚಕ್ರದ ಕೀಲುಗಳು ಮುರಿಯುವ ಭಯವೂ ಉಂಟು. ಆದರೆ ನಿಮ್ಮ ದಾರಿಯನ್ನು ಮೊದಲು ಪರೀಕ್ಷಿಸಿರಿ. ಚಕ್ರವು ಎದ್ದು ನಿಲ್ಲುವ ಕೊರಕಲು, ಬಂಡೆ, ಮೋರಿಗಳ ದಾರಿಯಾದರೆ ಲಾಕರು ಸಂಜೀವಿನಿಯಂತೆ ಕೆಲಸ ಮಾಡುವುದು. ಹಾಗಲ್ಲದೆ, ಒಂದು ಪಕ್ಕದಲ್ಲಿ ಬರೆ, ಇನ್ನೊಂದು ಪಕ್ಕದಲ್ಲಿ ಕಣಿವೆ, ನಡುವೆ ಕಣಿವೆಯ ಕಡೆಗೇ ಓರೆಯಾದ ಜಾರುಮಣ್ಣಿನ ದಾರಿಯಾದರೆ ಎಚ್ಚರವಿರಲಿ. ಬೀಗವಿಲ್ಲದ ಅಚ್ಚಿನಲ್ಲಿ ಒಂದು ಚಕ್ರವು ಬರಿದೇ ತಿರುಗುವಾಗ ಇನ್ನೊಂದು ನಿಂತು ಗಾಡಿಯ ಹಿಂಭಾಗವನ್ನು ನೆಲಕ್ಕೆ ಹಿಡಿದಿರುವುದು. ಬೀಗವಿದ್ದಲ್ಲಿ ಎರಡೂ ಒಟ್ಟಿಗೆ ಜಾರಿ, ಹಿಂಭಾಗವು ಇಳಿಜಾರಿನ ಕಡೆಗೆ ಸರಿಯುವುದು. ಇಂಥ ದಾರಿಯ ಮನೆಯವರು ಲಾಕರಿನ ಹಣದಿಂದ ಓರೆಯನ್ನು ಕಡಿಸಿ ಜಲ್ಲಿ ಹಾಕಿಸುವುದೇ ಲೇಸೆಂದು ನನ್ನ ಅಭಿಪ್ರಾಯ. ಮಕ್ಕಳನ್ನು ಕೂರಿಸಿಕೊಂಡು ದಿನವೂ ಆ ದಾರಿಯಲ್ಲಿ ಗಾಡಿಯೋಡಿಸುವ ಮನೆಯಾಕೆಯನ್ನು ಕೇಳದೆ ಇದನ್ನು ತೀರ್ಮಾನಿಸತಕ್ಕದ್ದಲ್ಲ.

ತರಿಸುವ ಮುನ್ನ ಡಿಫರೆನ್ಷಿಯಲ್ಲಿನ ಮುಚ್ಚಳವನ್ನು ತೆಗೆಸಿ ನೋಡಿರಿ. ಅಚ್ಚಿನ ಮಾದರಿಯ ಹೆಸರೊಂದೇ ಸಾಲದು; ಸರಳಿನ ತುದಿಯ ಗೀರುಹಲ್ಲುಗಳನ್ನು ಎಣಿಸಬೇಕು. ಡಾನಾ ೪೪ ಎಂಬ ಒಂದೇ ಹೆಸರಿನ ಅಚ್ಚು ೧೦, ೧೯, ೩೦ ಹಲ್ಲುಗಳ ಸರಳುಗಳೊಡನೆ ಬಂದಿರುವುದು. ಒಂದಕ್ಕಾದುದು ಇನ್ನೊಂದಕ್ಕೆ ಆಗದು. ಹಳೆಯ ಕೇಸಿನ ಗೋಡೆಯಲ್ಲಿ ಗೀರು ಬಿದ್ದಿದ್ದರೆ, ಅಥವಾ ಅಡ್ಡಶಾಫ್ಟಿನ ರಂಧ್ರವು ಸವೆದು ಮೊಟ್ಟೆಯಾಕಾರವಾಗಿದ್ದರೆ, ಹೊಸ ಲಾಕರನ್ನು ಅದರೊಳಗೆ ಇಡುವುದು ಹಣವನ್ನು ಹೊಳೆಗೆ ಎಸೆದಂತೆ. ಕೆಲವು ಅಚ್ಚುಗಳಲ್ಲಿ ಕ್ರೌನಿನ ದಪ್ಪವು ಅಡ್ಡಶಾಫ್ಟನ್ನು ಹೊರಬಿಡುವುದಿಲ್ಲ. ಅಲ್ಲಿ ಕ್ರೌನನ್ನು ಬಿಚ್ಚಬೇಕಾಗಿ ಕೆಲಸವು ದೊಡ್ಡದಾಗುವುದು.

ಸ್ಪ್ಯಾನರನ್ನು ನೀವೇ ಹಿಡಿಯಬೇಕೆಂದಿಲ್ಲ. ಸ್ಟೂಲು ಹಾಕಿಕೊಂಡು ನೋಡುತ್ತ ಕುಳಿತರೆ ಸಾಕು. ಗಟ್ಟಿಯಾದ ಸಮನೆಲದಲ್ಲಿ ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಹಿಂಭಾಗವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಬರಿಯ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಹೋಗಕೂಡದು. ಎಣ್ಣೆಯನ್ನು ಇಳಿಸುವಾಗ ಅದರಲ್ಲಿ ಲೋಹದ ಚೂರುಗಳಿವೆಯೇ ನೋಡಿರಿ. ಅಚ್ಚಿನ ಸರಳುಗಳನ್ನು ಹೊರಕ್ಕೆ ಎಳೆದು, ಅಡ್ಡಶಾಫ್ಟಿನ ಪಿನ್ನನ್ನು ತೆಗೆದು ಶಾಫ್ಟನ್ನು ಹೊರದೂಡಿದರೆ ಹಳೆಯ ಗೇರುಗಳನ್ನು ಕೈಯಿಂದಲೇ ತಿರುಗಿಸಿ ಹೊರತೆಗೆಯಬಹುದು. ಬೇರಿಂಗಿನ ಮುಚ್ಚಳಗಳನ್ನು ಬಿಚ್ಚುವ ಪ್ರಸಂಗ ಬಂದರೆ ಎಡಬಲಗಳಿಗೆ ಗುರುತು ಹಾಕಿಸಿರಿ, ಅವು ಅದಲುಬದಲಾಗಕೂಡದು. ಹೊಸ ತುಂಡುಗಳಿಗೆ ಗ್ರೀಸು ಸವರಿ ಒಳಗಿಟ್ಟ ಮೇಲೆ ಬರುವುದು ಎಲ್ಲಕ್ಕಿಂತ ಮುಖ್ಯವಾದ ಅಳತೆ: ಒಳಗಿನ ಎರಡು ತುಂಡುಗಳ ನಡುವಿನ ಸಂದು. ಲಾಕ್-ರೈಟಿನಲ್ಲಿ ಇದು ಹೆಚ್ಚು ಕಡಿಮೆ ೪ ಮಿಲಿಮೀಟರಿನಷ್ಟು. ನಿಮ್ಮದಕ್ಕೆ ಎಷ್ಟೆಂಬುದು ಪೆಟ್ಟಿಗೆಯ ಕಾಗದದಲ್ಲಿ ಇರುವುದು. ಫೀಲರ್ ಗೇಜಿಲ್ಲದೆ ಕಣ್ಣಳತೆಯಲ್ಲಿ "ಸರಿಯಾಗಿದೆ ಸಾರ್" ಎಂದರೆ ಒಪ್ಪಬೇಡಿರಿ. ಸಂದು ಹೆಚ್ಚಾದರೆ ಹಲ್ಲುಗಳು ಆಳವಾಗಿ ಕೂಡದೆ ಮುರಿಯುವುವು, ಕಡಿಮೆಯಾದರೆ ಬಿಡಿಸಿಕೊಳ್ಳಲಾರವು. ಚಿಕ್ಕ ಸ್ಪ್ರಿಂಗುಗಳನ್ನು ಕೂರಿಸುವಾಗ ಅವು ಹಾರಿಹೋಗುವುದು ಸಹಜ. ಕೆಳಗೊಂದು ಬಿಳಿಯ ಬಟ್ಟೆಯನ್ನು ಹಾಸಿಸಿದರೆ ಅರ್ಧ ಗಂಟೆಯ ಹುಡುಕಾಟ ತಪ್ಪುವುದು.

ಮುಚ್ಚಳವನ್ನು ಹಾಕುವ ಮೊದಲೇ ಪರೀಕ್ಷೆಯಾಗಲಿ. ಎರಡು ಚಕ್ರಗಳೂ ನೆಲ ಬಿಟ್ಟಿರುವಾಗ, ಯಂತ್ರವನ್ನು ನಿಲ್ಲಿಸಿ ಗೇರಿನಲ್ಲಿ ಇರಿಸಿ, ಇಬ್ಬರು ಎರಡು ಚಕ್ರಗಳನ್ನು ಒಂದೇ ದಿಕ್ಕಿಗೆ ತಿರುಗಿಸಲು ನೋಡಲಿ: ತಿರುಗಕೂಡದು. ಒಬ್ಬನು ಹಿಂದಕ್ಕೆ ಒತ್ತಿ ಹಿಡಿದಿರಲು ಇನ್ನೊಬ್ಬನು ಮುಂದಕ್ಕೆ ತಿರುಗಿಸಿದರೆ ಟಿಕ್ ಟಿಕ್ ಸದ್ದಿನೊಡನೆ ತಿರುಗಬೇಕು. ಕೈಗಳನ್ನು ಅದಲುಬದಲು ಮಾಡಿ ಮತ್ತೊಮ್ಮೆ ನೋಡಬೇಕು. ಹೊಸ ಎಣ್ಣೆಯನ್ನು ಮೊದಲ ೫೦೦ ಕಿಲೋಮೀಟರುಗಳಾದ ಮೇಲೆ ಒಮ್ಮೆ ಇಳಿಸಿ ನೋಡುವುದು ಒಳ್ಳೆಯದು. ವಿಮಾ ಕಂಪೆನಿಗೆ ಈ ಬದಲಾವಣೆಯನ್ನು ಪತ್ರದ ಮೂಲಕ ತಿಳಿಸಿಡಿರಿ.

ಇನ್ನು ಗಾಡಿಯ ನಡತೆ. ಪೇಟೆಯ ತಿರುವುಗಳಲ್ಲಿ ಟಿಕ್ ಟಿಕ್ ಸದ್ದು ಬರುವುದು, ಒಮ್ಮೊಮ್ಮೆ ಢಕ್ಕೆಂದು ಬಿಡಿಸಿಕೊಳ್ಳುವುದು, ಹೆದರಬೇಕಾದುದಿಲ್ಲ. ತಿರುವಿನ ನಡುವೆ ಆಕ್ಸಿಲರೇಟರನ್ನು ತಟ್ಟನೆ ಒತ್ತುವುದಾಗಲಿ ಬಿಡುವುದಾಗಲಿ ಕೂಡದು. ಹಾಗೆ ಮಾಡಿದರೆ ಹಿಂಭಾಗವು ಒಂದು ಪಕ್ಕಕ್ಕೆ ಎಳೆದಂತಾಗುವುದು, ಒದ್ದೆಯಾದ ಘಾಟಿಯಲ್ಲಿ ಇದು ಅಪಾಯಕರ. ಹಿಂದಿನ ಎರಡು ಟೈರುಗಳೂ ಒಂದೇ ಅಳತೆ, ಒಂದೇ ಸವೆತ, ಒಂದೇ ಗಾಳಿಯವಾಗಿರಬೇಕು.

ಕೊನೆಯದಾಗಿ, ಮನೆಯಲ್ಲಿ ಗಾಡಿಯನ್ನು ಮುಟ್ಟುವ ಮಗನೂ, ಮಗಳೂ, ಸಂಬಳದ ಡ್ರೈವರನೂ ಅರಿತಿರಬೇಕಾದ ಸಂಗತಿಯೊಂದಿದೆ. ಬೀಗವಿಲ್ಲದ ಅಚ್ಚಿನಲ್ಲಿ ಹಿಂದಿನ ಒಂದು ಚಕ್ರವನ್ನು ಜಾಕಿಯಿಂದ ಎತ್ತಿ ಯಂತ್ರವನ್ನು ಗೇರಿಗೆ ಹಾಕಿದರೆ ಎತ್ತಿದ ಚಕ್ರವು ಬರಿದೇ ತಿರುಗುವುದು. ಸದ್ದಿನ ಮೂಲವನ್ನು ಹುಡುಕಲು ಕೆಲವರು ಹೀಗೆ ಮಾಡುವುದುಂಟು. ಲಾಕರಿರುವ ಗಾಡಿಯಲ್ಲಿ ನೆಲದ ಮೇಲಿನ ಚಕ್ರವೂ ಅದೇ ಕ್ಷಣದಲ್ಲಿ ಎಳೆಯುವುದರಿಂದ ಗಾಡಿಯು ಜಾಕಿಯಿಂದ ಹಾರಿ ಮುಂದಕ್ಕೆ ನುಗ್ಗುವುದು. ಇದನ್ನು ಒಂದು ಚೀಟಿಯಲ್ಲಿ ಬರೆದು ಜಾಕಿಯ ಹಿಡಿಗೇ ಕಟ್ಟಿಡಿರಿ.